ಗಳಿಗೆ ಬಟ್ಟಲಿನ ವಂಶಸ್ಥ: ಉಸಿರಾಟದ ಟೈಮರಿನೊಂದಿಗೆ ಸಂದರ್ಶನ

ನಿಯತಗತಿಯ ಉಸಿರಾಟವೆಂದರೆ ಉಸಿರನ್ನು ಒಳಗೆಳೆದುಕೊಳ್ಳುವುದಕ್ಕೆ, ಬೇಕಿದ್ದರೆ ಕೆಲಹೊತ್ತು ತಡೆಯುವುದಕ್ಕೆ ಮತ್ತು ಹೊರಬಿಡುವುದಕ್ಕೆ ಇಂತಿಷ್ಟು ಸೆಕೆಂಡುಗಳೆಂದು ಮೊದಲೇ ಗೊತ್ತುಪಡಿಸಿಕೊಂಡು, ಆ ಎಣಿಕೆಗೆ ತಕ್ಕಂತೆ ಉಸಿರಾಡುವ ಅಭ್ಯಾಸ. ಯೋಗಶಾಸ್ತ್ರ ಈ ಮೂರು ಕ್ರಿಯೆಗಳನ್ನು ಕ್ರಮವಾಗಿ ಪೂರಕ, ಕುಂಭಕ, ರೇಚಕ ಎಂದು ಕರೆದಿದೆ. ಎಣಿಸುವ ಹೊಣೆಯನ್ನು ಅಭ್ಯಾಸಿಯ ಕೈಯಿಂದ ತೆಗೆದುಕೊಂಡು, ಮೊಬೈಲಿನ ಪರದೆಯ ಮೇಲೆ ಹಿಗ್ಗುತ್ತ ಕುಗ್ಗುತ್ತ ಇರುವ ತಿಳಿನೀಲಿ ವೃತ್ತವೇ ಉಸಿರಾಟದ ಟೈಮರು. ಹಿಗ್ಗಿದಾಗ ಒಳಗೆಳೆಯಬೇಕು, ನಿಂತಾಗ ತಡೆಯಬೇಕು, ಕುಗ್ಗಿದಾಗ ಬಿಡಬೇಕು. 2015ರಿಂದ ಪ್ರತಿವರ್ಷ ಜೂನ್ 21ರಂದು ಆಚರಿಸಲಾಗುತ್ತಿರುವ ಅಂತರರಾಷ್ಟ್ರೀಯ ಯೋಗ ದಿನದ ಹೊತ್ತಿಗೆ ಇದರ ಪ್ರಭಾವ ಉಕ್ಕಿ, ಮುಂಗಾರು ಬಿತ್ತನೆಯ ಗಡಿಬಿಡಿಯಲ್ಲಿ ಇಳಿದುಹೋಗುವುದು ಗದಗ ಜಿಲ್ಲೆಯಲ್ಲಿಯೂ ಕಾಣಬರುವ ಸಂಗತಿ.

ಈ ಕಾಲ್ಪನಿಕ ಸಂದರ್ಶನಕ್ಕೆ ಇದೇ ಜಿಲ್ಲೆಯ ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರ ಕ್ಷೇತ್ರವನ್ನು ಆರಿಸಿಕೊಂಡದ್ದು ಸಕಾರಣವಾಗಿತ್ತು. ಕಾಲನಿಗೂ ಕಾಲನೆನಿಸಿದ ದೇವರು, ವರ್ಷವಿಡೀ ಹನಿಯುವ ಅಂತರಗಂಗೆ ಮತ್ತು ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು ಒಂದೇ ನೋಟಕ್ಕೆ ಸಿಗುವ ಈ ಸ್ಥಳದಲ್ಲಿ ಹೊತ್ತಿಗಾಗಲಿ ಗಾಳಿಗಾಗಲಿ ಬರವಿಲ್ಲ. ಸಂದರ್ಶಿತರು ಒಂದೇ ಷರತ್ತು ಹಾಕಿದ್ದರು: ಉತ್ತಮ ಪುರುಷದಲ್ಲಿ ಮಾತನಾಡಲು ಪ್ರಾಣವಿರಬೇಕಾದುದರಿಂದ ಉತ್ತರಗಳೆಲ್ಲ ‘ಸದರಿ ಉಪಕರಣ’ದ ಹೆಸರಿನಲ್ಲಿಯೇ ದಾಖಲಾಗಬೇಕು. ಕಂದಾಯ ಇಲಾಖೆಯ ಕಡತಗಳ ಭಾಷೆಗೆ ಒಗ್ಗಿಹೋದ ಓದುಗರಿಗೆ ಇದರಿಂದ ತೊಂದರೆಯಾಗಲಾರದು.

ಪ್ರಶ್ನೆ: ತಮ್ಮ ಮನೆತನದ ಬಗ್ಗೆ ಹೇಳಬಹುದೇ?

ಉತ್ತರ: ಸದರಿ ಉಪಕರಣಕ್ಕೆ ಪೂರ್ವಜರಿಲ್ಲ. ಮನುಷ್ಯರು ಉಸಿರನ್ನು ಲೆಕ್ಕವಿಲ್ಲದೆ ಪೋಲು ಮಾಡುತ್ತಿದ್ದ ಕಾಲದಲ್ಲಿ ಅದು ಸ್ವಯಂಭುವಾಗಿ ಕ್ಯಾಲಿಫೋರ್ನಿಯಾದಲ್ಲಿ ಅವತರಿಸಿತು.

ಈ ಹೇಳಿಕೆ ಇತಿಹಾಸಕ್ಕೆ ಒಪ್ಪುವುದಿಲ್ಲ. ಭಾರತೀಯ ಜ್ಯೋತಿಷದ ಸೂರ್ಯಸಿದ್ಧಾಂತದಲ್ಲಿ ಮೂರ್ತ ಕಾಲ, ಎಂದರೆ ಅಳತೆಗೆ ಸಿಕ್ಕುವ ಕಾಲ, ಆರಂಭವಾಗುವುದೇ ‘ಪ್ರಾಣ’ ಎಂಬ ಮಾನದಿಂದ. ಆರೋಗ್ಯವಂತನ ಒಂದು ಉಸಿರಾಟಕ್ಕೆ ಹಿಡಿಯುವ ಹೊತ್ತೇ ಒಂದು ಪ್ರಾಣ. ಅಂಥ ಆರು ಪ್ರಾಣಗಳು ಒಂದು ವಿಗಳಿಗೆ, ಅರವತ್ತು ವಿಗಳಿಗೆಗಳು ಒಂದು ಗಳಿಗೆ, ಅರವತ್ತು ಗಳಿಗೆಗಳು ಒಂದು ಹಗಲುರಾತ್ರಿ. ಲೆಕ್ಕ ಹಾಕಿದರೆ ದಿನಕ್ಕೆ 21,600 ಉಸಿರು, ನಿಮಿಷಕ್ಕೆ 15, ಒಂದು ಉಸಿರಿಗೆ 4 ಸೆಕೆಂಡು ಬರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20ರ ನಡುವೆ ಇರುತ್ತದೆಂಬ ಇಂದಿನ ವೈದ್ಯಕೀಯದ ಮಾತಿಗೆ ಈ ಪ್ರಾಚೀನ ಲೆಕ್ಕ ಹೊರಗಾಗಿಲ್ಲ. ಈ ಗಳಿಗೆಯನ್ನು ಅಳೆಯುತ್ತಿದ್ದುದು ಗಳಿಗೆ ಬಟ್ಟಲು: ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಬಿಟ್ಟರೆ, ತೂತಿನಿಂದ ನೀರೇರಿ ಅದು 24 ನಿಮಿಷಕ್ಕೆ ಮುಳುಗುತ್ತಿತ್ತು, ಮದುವೆಯ ಮುಹೂರ್ತಕ್ಕೆ ಬೀಗರೂ ಪುರೋಹಿತರೂ ಅದರ ಮೇಲೆಯೇ ಕಣ್ಣಿಟ್ಟು ಕೂರುತ್ತಿದ್ದರು. ಹೀಗೆ ಉಸಿರಿನಿಂದ ಹೊತ್ತನ್ನು ಅಳೆದ ನಾಡಿನಲ್ಲಿ ಈಗ ಹೊತ್ತಿನಿಂದ ಉಸಿರನ್ನು ಅಳೆಯಲಾಗುತ್ತಿದೆ. ಅಳತೆಗೋಲೇ ಅಳತೆಗೊಳಗಾದ ಈ ಪಲ್ಲಟವನ್ನು ಟೈಮರಿನ ಗಮನಕ್ಕೆ ತಂದಾಗ ಅದು ಅರ್ಧ ಸೆಕೆಂಡು ಸ್ತಬ್ಧವಾಗಿ, ನೆಟ್‌ವರ್ಕ್ ದುರ್ಬಲವಾಗಿದೆಯೆಂದು ಕಾರಣ ಕೊಟ್ಟಿತು.

ಪ್ರಶ್ನೆ: ತಾವು ನಿಮಿಷಕ್ಕೆ ಆರೇ ಉಸಿರು ನಿಗದಿಪಡಿಸಿದ್ದು ಏಕೆ? ಐದಾದರೆ ಪಾಪವೇ, ಎಂಟಾದರೆ ದಂಡವೇ?

ಉತ್ತರ: ಆರು ಎಂಬುದು ಸದರಿ ಉಪಕರಣದ ಪೂರ್ವನಿಗದಿತ ಆಯ್ಕೆ. ಬದಲಾಯಿಸಲು ವಿಶೇಷ ಸದಸ್ಯತ್ವ ಪಡೆಯಬೇಕು.

ಉತ್ತರ ಉಡಾಫೆಯದಾದರೂ ಆರು ಎಂಬ ಸಂಖ್ಯೆಗೆ ಗಟ್ಟಿಯಾದ ಆಧಾರವಿದೆಯೆಂಬುದನ್ನು ಒಪ್ಪಬೇಕು. ಉಸಿರನ್ನು ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ವೇಗವಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ರಕ್ತದೊತ್ತಡದ ಏರಿಳಿತವನ್ನು ಗ್ರಹಿಸಿ ಹೃದಯಕ್ಕೆ ಸೂಚನೆ ಕೊಡುವ ದೇಹದ ಸ್ವಂತ ವ್ಯವಸ್ಥೆ, ಅಂದರೆ ಬ್ಯಾರೋರಿಫ್ಲೆಕ್ಸ್, ಸುಮಾರು 10 ಸೆಕೆಂಡುಗಳ ಆವರ್ತದಲ್ಲಿ ತೂಗಾಡುತ್ತದೆ. ಉಸಿರೂ 10 ಸೆಕೆಂಡಿಗೊಮ್ಮೆ ಬಂದರೆ ಈ ಎರಡು ಲಯಗಳು ಕೂಡಿಕೊಂಡು ಒಂದನ್ನೊಂದು ಬಲಪಡಿಸುತ್ತವೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರ ಅಧ್ಯಯನವು ಇನ್ನೂ ಸ್ವಾರಸ್ಯಕರ. 23 ಮಂದಿ ಆರೋಗ್ಯವಂತರಿಗೆ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಒಂದು ಬೌದ್ಧ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲಿಯೂ ಉಸಿರು ತಾನಾಗಿಯೇ ನಿಮಿಷಕ್ಕೆ ಆರರ ಸುಮಾರಿಗೆ ಇಳಿದಿತ್ತು. ಯಾರೂ ಎಣಿಸಿರಲಿಲ್ಲ, ಸಾಲಿನ ಉದ್ದವೇ ಎಣಿಸಿತ್ತು. ಭಜನೆಯ ಮನೆಗಳಲ್ಲಿ ಸೇರುವ ಹಳ್ಳಿಯ ಹಿರಿಯರಿಗೆ ಈ ಸಂಶೋಧನೆಯಿಂದ ಅಚ್ಚರಿಯಾಗಲಿಕ್ಕಿಲ್ಲ, ಟೈಮರಿಗೆ ಮಾತ್ರ ಮುಜುಗರವಾಗಬಹುದು.

ಪ್ರಶ್ನೆ: ತಮ್ಮ ಎದುರಿಗೆ ಕುಳಿತವರು ನಿಜವಾಗಿ ಉಸಿರಾಡುತ್ತಿದ್ದಾರೆಂಬುದು ತಮಗೆ ಹೇಗೆ ತಿಳಿಯುತ್ತದೆ?

ಉತ್ತರ: ತಿಳಿಯುವುದಿಲ್ಲ. ತಿಳಿಯಬೇಕೆಂಬ ಕರಾರೂ ಇಲ್ಲ.

ಇಡೀ ಸಂದರ್ಶನದ ಅತ್ಯಂತ ಪ್ರಾಮಾಣಿಕ ವಾಕ್ಯ ಇದು. ಎದೆಗೆ ಪಟ್ಟಿ ಕಟ್ಟಿ, ಉಸಿರಿನ ಗತಿಯನ್ನು ಗ್ರಹಿಸಿ, ಅದಕ್ಕೆ ತಕ್ಕ ಸ್ವರಗಳನ್ನು ನುಡಿಸುತ್ತ ಮೆಲ್ಲಗೆ ನಿಧಾನಗೊಳಿಸುವ ರೆಸ್ಪರೇಟ್ ಎಂಬ ಸಾಧನಕ್ಕೆ 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆತಿತ್ತು. ಆದರೆ ಮೊಬೈಲಿನ ಸಾಮಾನ್ಯ ಟೈಮರಿಗೆ ಅಂಥ ಕಿವಿಯಿಲ್ಲ. ಬೆಳಿಗ್ಗೆ ವೃತ್ತವನ್ನು ಚಾಲೂ ಮಾಡಿ, ಮೊಬೈಲನ್ನು ಹೊರಸಿನ ಮೇಲಿಟ್ಟು, ನಳಕ್ಕೆ ನೀರು ಬಂತೆಂಬ ಕೂಗಿಗೆ ಕೊಡ ಎತ್ತಿಕೊಂಡು ಓಡಿದ ನರಗುಂದದ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಹೊರಸು ಉಸಿರಾಡುವುದಿಲ್ಲ, ಮೇಲಿನ ಕೌದಿಯೂ ಉಸಿರಾಡುವುದಿಲ್ಲ; ಆದರೂ ವೃತ್ತ ಐದು ನಿಮಿಷ ಹಿಗ್ಗಿ ಕುಗ್ಗಿ, ಗಂಟೆ ಬಾರಿಸಿ, ‘ಅಭಿನಂದನೆಗಳು, ತಾವು ಇಂದು ಶಾಂತರಾಗಿದ್ದೀರಿ’ ಎಂದು ಘೋಷಿಸುತ್ತದೆ. ಆ ಹೊತ್ತಿಗೆ ಅವಳು ಸರದಿಗಾಗಿ ನೆರೆಮನೆಯವಳೊಂದಿಗೆ ಜಗಳಕ್ಕೆ ನಿಂತಿರುತ್ತಾಳೆ. ಹಾಜರಿ ಪುಸ್ತಕದಲ್ಲಿ ಸಹಿಯಿದ್ದರೆ ಕೆಲಸ ಆಯಿತೆಂದು ನಂಬುವ ಆಡಳಿತ ಪರಂಪರೆಗೆ ಟೈಮರು ಪರಕೀಯವಲ್ಲ.

ಪ್ರಶ್ನೆ: ಇದೇ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಒಬ್ಬ ಉಸಿರಿನ ಸಾಧಕರ ಹೆಸರನ್ನು ತಾವು ಕೇಳಿರಬೇಕು.

ಉತ್ತರ: ಅವರ ಖಾತೆ ಸದರಿ ಉಪಕರಣದಲ್ಲಿ ನೋಂದಣಿಯಾಗಿಲ್ಲ.

ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ರೋಣದಲ್ಲಿ ಜನಿಸಿದರು. ಹನ್ನೊಂದರ ಹರೆಯದಲ್ಲಿ ಗುರುವನ್ನು ಅರಸಿ ಮನೆಬಿಟ್ಟು, ಉತ್ತರ ಭಾರತದ ಊರೂರು ಸುತ್ತಿ, ಕೊನೆಗೆ ಮನೆಯಿಂದ ದೂರವಲ್ಲದ ಕುಂದಗೋಳದಲ್ಲಿಯೇ ಕಿರಾನಾ ಘರಾಣೆಯ ಸವಾಯಿ ಗಂಧರ್ವರಲ್ಲಿ ಗುರುವನ್ನು ಕಂಡರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಒಂದೇ ಉಸಿರಿನಲ್ಲಿ ಹರಿದುಬರುತ್ತಿದ್ದ ಅವರ ದೀರ್ಘ ತಾನಗಳು ಕೇಳುಗರೇ ಉಸಿರು ಬಿಗಿಹಿಡಿಯುವಂತೆ ಮಾಡುತ್ತಿದ್ದವು. ಗಾಯಕರ ಉಸಿರಿನ ಶಿಕ್ಷಣದ ಕ್ರಮ ಇಲ್ಲಿ ಪ್ರಸ್ತುತ. ಬೆಳಗಿನ ಜಾವ ತಂಬೂರಿಯ ಶ್ರುತಿಗೆ ಕೆಳಗಿನ ಷಡ್ಜವನ್ನು ಉಸಿರು ಮುಗಿಯುವವರೆಗೆ ನಿಲ್ಲಿಸುವ ಖರ್ಜ ಸಾಧನೆಯೆಂದರೆ ಬಹುಪಾಲು ದೀರ್ಘ ರೇಚಕವೇ; ಅಲ್ಲಿ ಎಷ್ಟು ಸೆಕೆಂಡು ಎಂದು ಯಾರೂ ಕೇಳುವುದಿಲ್ಲ, ಸ್ವರ ನಡುಗಿತೇ ಎಂದು ಕೇಳುತ್ತಾರೆ. ಇನ್ನು ಖ್ಯಾಲಿನ ವಿಲಂಬಿತ ಏಕತಾಲ, ಅಂದರೆ ಬಹು ನಿಧಾನಗತಿಯಲ್ಲಿ ಸಾಗುವ ಹನ್ನೆರಡು ಮಾತ್ರೆಗಳ ಆವರ್ತನ, ಗಾಯಕನ ಪಾಲಿಗೆ ಮಾರ್ಗದರ್ಶಿ ಟೈಮರೇ ಸರಿ. ವ್ಯತ್ಯಾಸವಿಷ್ಟೇ, ಆ ಟೈಮರನ್ನು ನುಡಿಸುವ ತಬಲಾವಾದಕ ಗಾಯಕನ ಮುಖ ನೋಡುತ್ತಾನೆ, ಸಮಕ್ಕೆ ಬರುವಾಗ ತಲೆದೂಗುತ್ತಾನೆ, ತಪ್ಪಿದಾಗ ಹುಬ್ಬೇರಿಸುತ್ತಾನೆ. ಈ ಭೇದವನ್ನು ವಿವರಿಸಿದಾಗ, ಹುಬ್ಬಿನ ಸೌಲಭ್ಯವನ್ನು ಮುಂದಿನ ಆವೃತ್ತಿಯಲ್ಲಿ ಅಳವಡಿಸುವ ಆಲೋಚನೆಯಿದೆಯೆಂದು ಟೈಮರು ತಿಳಿಸಿತು.

ಪ್ರಶ್ನೆ: ತಮ್ಮಲ್ಲಿರುವ ಅತಿ ದೀರ್ಘ ಕುಂಭಕ ಎಷ್ಟು?

ಉತ್ತರ: ನಾಲ್ಕು ಸೆಕೆಂಡು ಎಳೆದು, ಏಳು ಸೆಕೆಂಡು ತಡೆದು, ಎಂಟು ಸೆಕೆಂಡು ಬಿಡುವ ವಿಧಾನ ಜನಪ್ರಿಯವಾಗಿದೆ. ಪೂರಕದ ನಾಲ್ಕರಷ್ಟು ಕಾಲ ತಡೆಯುವ ಯೋಗಗ್ರಂಥಗಳ ಅನುಪಾತವೂ ಲಭ್ಯ; ಅದಕ್ಕೆ ಪ್ರತ್ಯೇಕ ಶುಲ್ಕ.

ನರಗುಂದದ ಮಾನದಂಡದಲ್ಲಿ ಇದು ಕುಂಭಕವೇ ಅಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರದ ವಿರುದ್ಧ ಎದ್ದುನಿಂತು, 1980ರ ಜುಲೈ 21ರಂದು ಗೋಲಿಬಾರಿಗೆ ಎದೆಯೊಡ್ಡಿದ ಊರು ಇದು. 2015ರ ಜುಲೈಯಲ್ಲಿ, ಮಹದಾಯಿ ಕೊಳ್ಳದ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಇಲ್ಲಿ ಧರಣಿ ಆರಂಭವಾಯಿತು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ನೀರನ್ನು ಹಂಚಿತು. ತೀರ್ಪು 2020ರ ಫೆಬ್ರವರಿಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಈ ವಿವರಗಳನ್ನು ಪೂರಕ, ಕುಂಭಕ, ರೇಚಕಗಳ ನಮೂನೆಯಲ್ಲಿ ತುಂಬಿ ಕೊಡುವಂತೆ ಟೈಮರು ಕೋರಿದಾಗ, ಪೂರಕದ ಕಾಲಂ ಭರ್ತಿಯಾಯಿತು, ಕುಂಭಕದ ಕಾಲಂ ಪುಟ ಮೀರಿತು, ರೇಚಕದ ಕಾಲಂ ಖಾಲಿ ಉಳಿಯಿತು. ಕಾಲುವೆಯ ಕಡೆಗೆ ನೋಡುತ್ತ ಬಿತ್ತನೆಯ ಹದ ಕಾಯುವವನ ಎದೆಬಡಿತವನ್ನು ಆರು ಉಸಿರು ಐದು ನಿಮಿಷ ತಗ್ಗಿಸಬಹುದು. ಎದೆ ಬಡಿದುಕೊಳ್ಳಲು ಕಾರಣವೇನೆಂದು ವೃತ್ತ ಕೇಳುವುದಿಲ್ಲ. ನೆಮ್ಮದಿಯನ್ನು ಪ್ರತಿಯೊಬ್ಬನ ಖಾಸಗಿ ಮನೆಗೆಲಸವಾಗಿ ಮಾರ್ಪಡಿಸಿಬಿಟ್ಟರೆ ಆಳುವವರಿಗೆ ಅನುಕೂಲ ಬಹಳ.

ಪ್ರಶ್ನೆ: ಅಪಾಯಗಳ ಬಗ್ಗೆ ಬಳಕೆದಾರರಿಗೆ ಎಚ್ಚರಿಕೆ ಕೊಡಲಾಗುತ್ತದೆಯೇ?

ಉತ್ತರ: ನಿಯಮ ಮತ್ತು ಷರತ್ತುಗಳಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

ಹದಿನೈದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮನು ಇದನ್ನೇ ದೊಡ್ಡ ದನಿಯಲ್ಲಿ ಹೇಳಿದ್ದಾನೆ: ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲಗೆ ಪಳಗಿಸುವಂತೆ ಪ್ರಾಣವಾಯುವನ್ನೂ ಪಳಗಿಸಬೇಕು, ಆತುರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬುದು ಅವನ ಅಭಿಪ್ರಾಯದ ಸಾರ. ಗಜೇಂದ್ರನ ಹೆಸರು ಹೊತ್ತ ಊರಿನಲ್ಲಿ ಈ ಮಾತಿಗೆ ವಿಶೇಷ ತೂಕವುಂಟು. ಆಧುನಿಕ ವಿವರಣೆಯೂ ಅಷ್ಟೇ ಸರಳ: ಆಳವಾಗಿಯೂ ವೇಗವಾಗಿಯೂ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕುಸಿದು, ಮಿದುಳಿನ ರಕ್ತನಾಳಗಳು ಸಂಕುಚಿಸಿ, ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಇದನ್ನು ಸಮಾಧಿಯ ಮೊದಲ ಮೆಟ್ಟಿಲೆಂದು ಭಾವಿಸಿದವರೂ ಉಂಟು.

ಈ ಹಂತದಲ್ಲಿ, ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದ ಕೈಮಗ್ಗದ ಮನೆಯವರೊಬ್ಬರು, ದರ್ಶನ ಮುಗಿಸಿ ಮೆಟ್ಟಿಲಿಳಿಯುತ್ತಿದ್ದ ಅಜ್ಜಿ, ವೃತ್ತವನ್ನು ಬಗ್ಗಿ ನೋಡಿ ‘ಇದಕ್ಕ ದಮ್ಮ ಹತ್ತೇತೇನ್ರೀ, ಹಂಗ್ಯಾಕ ಉಬ್ಬಾಕತ್ತೇತಿ?’ ಎಂದು ಕೇಳಿದರು. ಕಾಲಿನಲ್ಲಿ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ, ಮಗ್ಗದ ಸಪ್ಪಳಕ್ಕೆ ಉಸಿರನ್ನು ಹೊಂದಿಸಿಕೊಂಡೇ ಬಾಳಿದವರ ಈ ರೋಗನಿರ್ಣಯವನ್ನು ಟೈಮರು ದಾಖಲಿಸಿಕೊಳ್ಳಲಿಲ್ಲ. ‘ಸತತ ಅಭ್ಯಾಸದ ಸಾಲು ಮುರಿಯಲಿದೆ’ ಎಂಬ ತನ್ನ ಎಚ್ಚರಿಕೆಯನ್ನು ಮಾತ್ರ ಪರದೆಯ ಮೇಲೆ ಮಿನುಗಿಸಿತು. ಸಾಲು ಮುರಿದರೆ ಆಗುವುದೇನು ಎಂದು ಕೇಳಲಾಗಿ, ಬಳಕೆದಾರರಿಗೆ ಆತಂಕವಾಗುತ್ತದೆಂದೂ, ಆತಂಕ ಪರಿಹಾರಕ್ಕೆ ಉಸಿರಾಟದ ಅಭ್ಯಾಸ ಲಭ್ಯವಿದೆಯೆಂದೂ ಉತ್ತರ ಬಂತು.

ಪ್ರಶ್ನೆ: ತಮ್ಮ ನೆರವಿಲ್ಲದೆಯೇ ನಿಧಾನವಾಗಿ ಉಸಿರಾಡುವುದನ್ನು ಯಾರಾದರೂ ಕಲಿತುಬಿಟ್ಟರೆ?

ಉತ್ತರ: ಅಂಥವರನ್ನು ಸದರಿ ಉಪಕರಣದ ದಾಖಲೆಯಲ್ಲಿ ‘ನಿಷ್ಕ್ರಿಯ’ ಎಂದು ನಮೂದಿಸಲಾಗುತ್ತದೆ.

ಹಾಗೆ ನಿಷ್ಕ್ರಿಯರಾಗುವುದೇ ಟೈಮರಿನ ಸದುಪಯೋಗ. ಆರಂಭದ ಕೆಲವು ವಾರ, ಎಳೆಯುವುದಕ್ಕಿಂತ ಬಿಡುವುದು ತುಸು ದೀರ್ಘವಾಗುವಂತೆ, ತಡೆಯುವ ಗೊಡವೆಗೆ ಹೋಗದೆ, ಅದರ ಎಣಿಕೆಯನ್ನು ಅನುಸರಿಸುವುದರಿಂದ ಹೆಚ್ಚಿನವರಿಗೆ ಲಾಭವೇ ಹೊರತು ನಷ್ಟವಿಲ್ಲ. ಅಸ್ತಮಾ ಅಥವಾ ಹೃದ್ರೋಗ ಇರುವವರು, ಗರ್ಭಿಣಿಯರು ಮತ್ತು ರಕ್ತದೊತ್ತಡದ ಗುಳಿಗೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಕುಂಭಕಕ್ಕೆ ಕೈಹಾಕಬಾರದು, ಮತ್ತು ವೃತ್ತದ ಮೇಲಿನ ಭರವಸೆಯಿಂದ ಗುಳಿಗೆಯನ್ನು ಬಿಡಲೇಬಾರದು.