ಚಡ್ಡಿ ನನ್ನದು, ಚೀಟಿ ಅವಳದು

ನನ್ನ ಬೆಲೆ ಒಂದು ಕೋಟಿ ರೂಪಾಯಿ ಎಂದು ನನಗೆ ಮೊಟ್ಟಮೊದಲು ತಿಳಿಸಿದವಳು ಒಬ್ಬ ಅಪರಿಚಿತ ಹುಡುಗಿ. ಅದೂ ಫೋನಿನಲ್ಲಿ. ಕಾಚಿಗುಡದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕಣ್ಣು ಎಳೆಯುತ್ತಿದ್ದ ಹೊತ್ತಿಗೆ ಕರೆ ಬಂತು. ಅರ್ಧ ಹಿಂದಿ, ಕಾಲು ತೆಲುಗು, ಕಾಲು ಇಂಗ್ಲಿಷ್ ಬೆರೆಸಿದ ಅಪ್ಪಟ ಹೈದರಾಬಾದಿ ಭಾಷೆಯಲ್ಲಿ ಆಕೆ ಹೇಳಿದ್ದು ಇಷ್ಟು: ಅವರ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತೆಗೆದುಕೊಂಡರೆ ಒಂದು ಕೋಟಿ ರೂಪಾಯಿಯ ವಿಮಾನ ಅಪಘಾತ ವಿಮೆ ಉಚಿತ. ಪೆಟ್ಟಿಗೆ ತಡವಾದರೆ ವಿಮೆ ಉಚಿತ. ಪಾಸ್‌ಪೋರ್ಟ್ ಕಳೆದರೆ ಅದಕ್ಕೂ ವಿಮೆ, ಅದೂ ಉಚಿತ.

ಹುಟ್ಟಿದ ಕಲಬುರಗಿಯಲ್ಲಾಗಲಿ, ನೌಕರಿ ಮಾಡಿ ನಿವೃತ್ತನಾದ ಹೈದರಾಬಾದಿನಲ್ಲಾಗಲಿ ನನಗೆ ಯಾರೂ ಇಷ್ಟು ಬೆಲೆ ಕಟ್ಟಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ನಮ್ಮ ಮಾವನವರು ಬಹಳ ಯೋಚಿಸಿ ಒಂದು ಕೈಗಡಿಯಾರ, ಒಂದು ಸಫಾರಿ ಸೂಟಿಗೆ ನನ್ನನ್ನು ಇತ್ಯರ್ಥ ಮಾಡಿದ್ದರು. ಹೀಗಾಗಿ ಎದ್ದು ಕೂತೆ. ಅಡುಗೆಮನೆಗೆ ಹೋಗಿ ಹೆಂಡತಿಗೆ ಸುದ್ದಿ ಮುಟ್ಟಿಸಿದೆ.

"ಆ ಕೋಟಿ ಯಾವಾಗ ಕೊಡ್ತಾರಂತ?" ಎಂದಳು.

"ನಾನು ವಿಮಾನದಲ್ಲಿ ಹೋಗುವಾಗ ಸತ್ತರೆ."

"ಮನ್ಯಾಗ ಸತ್ತರ?"

"ಇಲ್ಲ."

"ಹಂಗಾದ್ರ ಮನ್ಯಾಗ ನಿಮ್ಮ ಬೆಲಿ ಹಳೇದ ಅದ. ಸುಮ್ಮನ ಮಕ್ಕೋರಿ."

ಆದರೂ ಕಾರ್ಡ್ ಬಂತು. ಕಪ್ಪು ಬಣ್ಣ, ಬಂಗಾರದ ಅಕ್ಷರ. ಜೊತೆಗೆ ಒಂದು ಕಿರುಪುಸ್ತಕ. ಕಾರ್ಡಿನ ಮೇಲೆ ನನ್ನ ಹೆಸರು ಎಷ್ಟು ದೊಡ್ಡದಾಗಿತ್ತೋ ಪುಸ್ತಕದಲ್ಲಿ ಷರತ್ತುಗಳು ಅಷ್ಟೇ ಸಣ್ಣಗಿದ್ದವು. ಸಾಸಿವೆ ಚೆಲ್ಲಿದ ಹಾಗೆ. ಅದನ್ನು ಭಕ್ತಿಯಿಂದ ದೇವರ ಮನೆಯ ಕಪಾಟಿನಲ್ಲಿ ಪಂಚಾಂಗದ ಕೆಳಗಿಟ್ಟೆ. ಪಂಚಾಂಗವನ್ನಾದರೂ ಆಗಾಗ ತೆರೆಯುತ್ತಿದ್ದೆ. ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಎರಡು ರೂಪಾಯಿ ಉಜ್ಜಿ ಲೌಂಜಿನೊಳಗೆ ಹೋಗಿ, ಹೊಟ್ಟೆ ಬಿರಿಯುವ ಹಾಗೆ ಇಡ್ಲಿ, ವಡೆ, ಬಿರಿಯಾನಿ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ತಿಂದು ಬಂದ ಮೇಲಂತೂ ಆ ಕಾರ್ಡಿನ ಬಗ್ಗೆ ನನ್ನ ಶ್ರದ್ಧೆ ಅಚಲವಾಯಿತು. ಇಷ್ಟು ಊಟ ಹಾಕುವವರು ವಿಮೆಯಲ್ಲಿ ಕೈಬಿಟ್ಟಾರೆಯೇ?

ಆ ಶ್ರದ್ಧೆಗೆ ಪರೀಕ್ಷೆ ಬಂದದ್ದು ಮಗಳ ಮನೆಗೆ ಹೊರಟಾಗ. ನೃಪತುಂಗ ಶಾಲೆಯಲ್ಲಿ ಕನ್ನಡ ಕಲಿತ ಮಗಳು ಈಗ ಫ್ರಾಂಕ್‌ಫರ್ಟಿನಲ್ಲಿದ್ದಾಳೆ. ಯುರೋಪಿನ ಶೆಂಗೆನ್ ವೀಸಾ ಬೇಕೆಂದರೆ ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಇರಲೇಬೇಕು. ಅದರ ಪತ್ರವಿಲ್ಲದೆ ಅರ್ಜಿ ಮುಂದೆ ಸರಿಯುವುದಿಲ್ಲ. ಏಜೆಂಟು ಎರಡು ಬಗೆಯ ಪಾಲಿಸಿ ತೋರಿಸಿದ. ಒಂದರಲ್ಲಿ ಆಸ್ಪತ್ರೆಯ ಖರ್ಚು ಮಾತ್ರ. ಇನ್ನೊಂದರಲ್ಲಿ ಪೆಟ್ಟಿಗೆ, ಪಾಸ್‌ಪೋರ್ಟ್, ವಿಮಾನದ ವಿಳಂಬ ಎಲ್ಲವೂ ಸೇರಿ ಕೆಲವು ನೂರು ರೂಪಾಯಿ ಜಾಸ್ತಿ. ನಾನು ಕಿಸೆಯಿಂದ ಕಪ್ಪು ಕಾರ್ಡನ್ನು ಅರ್ಧ ಹೊರಗೆಳೆದು, "ಸಾಮಾನಿಗೆಲ್ಲ ಇದು ಇದೆ" ಎಂದು ನಕ್ಕೆ. ಅವನೂ ನಕ್ಕ. ಆ ನಗುವಿನ ಅರ್ಥ ಆಗ ತಿಳಿಯಲಿಲ್ಲ.

ಎರಡು ಪೆಟ್ಟಿಗೆ ಕಟ್ಟಿದೆವು. ಕೆಂಪು ಪೆಟ್ಟಿಗೆಯಲ್ಲಿ ಅವಳ ಸೀರೆಗಳು, ಎಂಬತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಹಾಲಿನ ಪದಾರ್ಥವನ್ನು ಯುರೋಪಿನೊಳಗೆ ಒಯ್ಯುವಂತಿಲ್ಲವೆಂದು ಮಗಳು ಎಚ್ಚರಿಸಿದ್ದರಿಂದ ಪೇಡೆಗೆ ವೀಸಾ ಸಿಗಲಿಲ್ಲ. ಕರಿ ಪೆಟ್ಟಿಗೆಯಲ್ಲಿ ನನ್ನ ಸಮಸ್ತ ಬಟ್ಟೆಬರೆ. ಶಂಷಾಬಾದಿನ ಕೌಂಟರಿನಲ್ಲಿ ಎರಡೂ ಪಾಸ್‌ಪೋರ್ಟ್ ಒಟ್ಟಿಗೆ ಕೊಟ್ಟೆವು. ಆ ಹುಡುಗಿ ಎರಡು ಚೀಟಿ ಹರಿದು ಎರಡು ಪೆಟ್ಟಿಗೆಗೆ ಅಂಟಿಸಿದಳು. ಯಾವುದು ಯಾರದೆಂದು ಆಕೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಬೀರು ಹಂಚಿಕೊಂಡವರಿಗೆ ನಿನ್ನದು ನನ್ನದು ಎಂಬುದು ಹೊಳೆಯುವುದೂ ಇಲ್ಲ.

ನಡುವೆ ಒಂದು ಕಡೆ ವಿಮಾನ ಬದಲಿಸಿ ಶನಿವಾರ ರಾತ್ರಿ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ರೊಟ್ಟಿ ಬಂದಿತ್ತು. ನನ್ನ ಬಟ್ಟೆ ಬಂದಿರಲಿಲ್ಲ. ತಿರುಗುವ ಪಟ್ಟಿ ಖಾಲಿಯಾಗಿ ಸುತ್ತುತ್ತಿತ್ತು. ನಾನು ಅದರ ಮುಂದೆ ನಿಂತೇ ಇದ್ದೆ. ಕೊನೆಗೆ ಅಳಿಯಂದಿರು ನಮ್ಮಿಬ್ಬರನ್ನು ಕೌಂಟರಿಗೆ ಕರೆದೊಯ್ದು ಪಿಐಆರ್ ಎಂಬ ದೂರಿನ ಕಾಗದ ಬರೆಸಿಕೊಟ್ಟರು. ಪೆಟ್ಟಿಗೆ ಬರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅದಿಲ್ಲದೆ ನಿಲ್ದಾಣದ ಬಾಗಿಲು ದಾಟಿದರೆ ಆಮೇಲೆ ಪೆಟ್ಟಿಗೆ ಹೋಯಿತೆಂದು ನಂಬಿಸುವುದಿರಲಿ, ಪೆಟ್ಟಿಗೆ ಇತ್ತೆಂದು ನಂಬಿಸುವುದೇ ಕಷ್ಟವಂತೆ.

ಮರುದಿನ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ಕಡ್ಡಾಯ ರಜೆ. ರೈಲು ನಿಲ್ದಾಣದಂಥ ಕಡೆ ಒಂದೆರಡು ತೆರೆದಿರುತ್ತವೆ, ಅಷ್ಟೆ. ಚಾರ್‌ಮಿನಾರಿನ ಸುತ್ತ ನಡುರಾತ್ರಿಯವರೆಗೆ ರಮಜಾನ್ ಸಂತೆ ಕಂಡವನಿಗೆ ಈ ದೇಶ ಹೇಗೆ ಬದುಕಿದೆ ಎಂದು ಆಶ್ಚರ್ಯವಾಯಿತು. ಆರಡಿ ಎರಡಂಗುಲದ ಅಳಿಯಂದಿರ ಪೈಜಾಮವನ್ನು ಐದಡಿ ನಾಲ್ಕಂಗುಲದ ನಾನು ನಾಲ್ಕು ಮಡಿಕೆ ಮಡಿಸಿ ತೊಟ್ಟು, ಸೋಫಾದಲ್ಲಿ ಕೂತು, ವಿಮೆಯ ಸಹಾಯವಾಣಿಗೆ ಫೋನ್ ಹಚ್ಚಿದೆ.

"ಸಾಮಾನು ಯಾವಾಗ ಬರಬೇಕಿತ್ತು ಸರ್?"

"ಪರಸೋಂ" ಎಂದುಬಿಟ್ಟೆ.

ಹೈದರಾಬಾದಿನ ನೀರು ಕುಡಿದವರಿಗೆ ಗೊತ್ತು: ನಮ್ಮೂರಿನಲ್ಲಿ 'ಪರಸೋಂ' ಎಂದರೆ ಮೊನ್ನೆಯೂ ಹೌದು, ಹೋದ ವರ್ಷವೂ ಹೌದು, ನಿಜಾಮರ ಕಾಲವೂ ಹೌದು. ಆದರೆ ಸಹಾಯವಾಣಿ ಕೂತಿದ್ದದ್ದು ಬೇರೆ ಯಾವುದೋ ಊರಿನಲ್ಲಿ. "ಮೊನ್ನೆಯಾ? 48 ಗಂಟೆಯೊಳಗೆ ತಿಳಿಸಬೇಕಿತ್ತಲ್ಲ ಸರ್!" ಎಂದ. ನಿನ್ನೆ ರಾತ್ರಿ ಎಂದು ತಿದ್ದಿ ಹೇಳಿ ಅವನನ್ನು ನಂಬಿಸುವಷ್ಟರಲ್ಲಿ ಪೈಜಾಮದ ಒಂದು ಮಡಿಕೆ ಬಿಚ್ಚಿತ್ತು.

ಅವನು ಕೇಳಿದ ಒಂದೊಂದು ಪ್ರಶ್ನೆಗೂ ನಾನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ಟಿಕೆಟ್ಟಿನ ಪೂರ್ತಿ ಹಣ ಈ ಕಾರ್ಡಿನಿಂದಲೇ ಕೊಟ್ಟಿರಾ? ಕೊಟ್ಟಿದ್ದೆ. ಪ್ರಯಾಣಕ್ಕೆ ಮುಂಚಿನ ಮೂವತ್ತು ದಿನದಲ್ಲಿ ಕಾರ್ಡ್ ಬಳಸಿದ್ದಿರಾ? ಲೌಂಜಿನ ಇಡ್ಲಿಯನ್ನು ನೆನೆದು ಹೌದೆಂದೆ. ವಿಳಂಬ ಹನ್ನೆರಡು ಗಂಟೆ ದಾಟಿದೆಯಾ? ದಾಟಿತ್ತು. ವಿದೇಶದಲ್ಲೇ ಆದದ್ದಾ? ಮರಳಿ ಭಾರತಕ್ಕೆ ಬರುವಾಗ ತಡವಾದರೆ ಕೊಡುವುದಿಲ್ಲವಂತೆ. ಊರಿಗೆ ಬಂದವನಿಗೆ ಮನೆಯಲ್ಲಿ ಇನ್ನೊಂದು ಜೊತೆ ಬಟ್ಟೆ ಇರುತ್ತದೆಂಬ ತರ್ಕ. ನಿಮಗೆ ಬೇಕಾದ ಅಗತ್ಯ ವಸ್ತುಗಳನ್ನು ಕೊಂಡು ರಸೀದಿ ಇಟ್ಟುಕೊಳ್ಳಿ ಎಂದ.

ಸೋಮವಾರ ಎರಡು ಅಂಗಿ, ಒಂದು ಪ್ಯಾಂಟು, ಆರು ಚಡ್ಡಿ, ಬನಿಯನ್, ಗಡ್ಡದ ಸಾಮಾನು, ಹಲ್ಲುಜ್ಜುವ ಬ್ರಷ್ಷು ಕೊಂಡೆ. ಒಟ್ಟು 112 ಯೂರೊ. ಸುಲ್ತಾನ್ ಬಜಾರಿನಲ್ಲಿ ಆ ದುಡ್ಡಿಗೆ ಇಡೀ ಓಣಿಗೆ ಚಡ್ಡಿ ಹೊಲಿಸಬಹುದಿತ್ತು. ಆದರೆ ವಿಮೆಯವರು ಕೊಡುವಾಗ ನನಗೇನು ಚಿಂತೆ? ಮಂಗಳವಾರ ಕರಿ ಪೆಟ್ಟಿಗೆ ಒಂದು ಗಾಲಿ ಮುರಿದುಕೊಂಡು ಮನೆಗೆ ಬಂತು.

ಊರಿಗೆ ಮರಳಿ ಕ್ಲೇಮು ಸಲ್ಲಿಸಿದೆ. ರಸೀದಿ, ಪಿಐಆರ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಪ್ರತಿ, ಕಾರ್ಡಿನ ಲೆಕ್ಕಪಟ್ಟಿ. ಮಗಳ ಮದುವೆಗೂ ಇಷ್ಟು ಕಾಗದ ಜೋಡಿಸಿರಲಿಲ್ಲ. ಮೂರು ವಾರದ ಮೇಲೆ ಮೂರು ಸಾಲಿನ ಉತ್ತರ ಬಂತು. ತಡವಾದ ಪೆಟ್ಟಿಗೆಯ ಚೀಟಿ ನನ್ನ ಹೆಂಡತಿಯ ಹೆಸರಿನಲ್ಲಿದೆ. ವಿಮೆ ಇರುವುದು ಕಾರ್ಡಿನ ಮೂಲ ಹಕ್ಕುದಾರನಿಗೆ ಮಾತ್ರ. ಆದ್ದರಿಂದ ವಿಷಾದಿಸುತ್ತೇವೆ.

ಚಡ್ಡಿ ನನ್ನದು, ಚೀಟಿ ಅವಳದು!

ಕಾಗದಗಳ ಕಟ್ಟು ಹಿಡಿದು ಕಲಮಪ್ಪನವರ ಬಳಿ ಓಡಿದೆ. ಅದು ಅವರ ಹೆಸರಲ್ಲ, ನಾವಿಟ್ಟದ್ದು. ಇಡೀ ಆಯುಷ್ಯವನ್ನು ಸಾಮಾನ್ಯ ವಿಮೆಯ ಕಚೇರಿಯಲ್ಲಿ ಕಳೆದವರು. ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಭಾಷಣ ಕೇಳಲು ಬಂದರೂ ನಡುವೆ ಬಾಗಿ "ಈ ಮಾತಿಗೆ ಯಾವ ಕಲಮಿನಾಗ ಆಧಾರ?" ಎಂದು ಕೇಳುವವರು. ಇರಾನಿ ಹೋಟೆಲಿನಲ್ಲಿ ಚಹಾ ಬರುವವರೆಗೆ ಎಲ್ಲವನ್ನೂ ಓದಿ ಕನ್ನಡಕ ಕೆಳಗಿಟ್ಟರು.

"ನೀವು ಪಾಲಿಸಿ ತಗೊಂಡೀನಿ ಅಂತ ತಿಳಕೊಂಡೀರಿ. ನೀವು ತಗೊಂಡಿಲ್ಲ. ಇದು ಗುಂಪಿನ ವಿಮೆ. ಪಾಲಿಸಿ ತಗೊಂಡದ್ದು ಬ್ಯಾಂಕು. ಮದುವಿ ಮನಿ ಯಜಮಾನ ಅಡಗಿ ಭಟ್ಟರಿಗೆ ಗುತ್ತಿಗಿ ಕೊಟ್ಟಾನ. ನೀವು ಪಂಕ್ತ್ಯಾಗ ಕೂತೀರಿ. ಹೋಳಿಗಿ ಎಷ್ಟು, ತುಪ್ಪ ಎಷ್ಟು ಅಂಬೋದು ಅವರಿಬ್ಬರ ಮಾತುಕತಿ. ಮುಂದಿನ ವರ್ಷ ಭಟ್ಟರ ಬದಲಾಗಬಹುದು, ಹೋಳಿಗಿ ಹೋಗಿ ಹುಗ್ಗಿ ಬರಬಹುದು. ನಿಮಗ ಒಂದು ಮೇಲ್ ಬರ್ತದ. ನೀವು ಓದಂಗಿಲ್ಲ."

"ನನ್ನ ಹೆಂಡತಿ?"

"ಆಮಂತ್ರಣದಾಗ ಒಬ್ಬರ ಹೆಸರ ಅದ. ಸಹಕುಟುಂಬ ಅಂತ ಬರೆದಿಲ್ಲ."

ದೂರು ಕೊಡುತ್ತೇನೆ ಎಂದೆ. ದೂರು ಕೊಡಲು ನಮ್ಮೂರಿಗಿಂತ ಅನುಕೂಲದ ಊರು ಭಾರತದಲ್ಲಿಲ್ಲ. ದೇಶದ ವಿಮೆಗೆಲ್ಲ ಯಜಮಾನಿಕೆ ಮಾಡುವ ಐಆರ್‌ಡಿಎಐ 2001ರಲ್ಲಿ ದಿಲ್ಲಿ ಬಿಟ್ಟು ಹೈದರಾಬಾದಿಗೇ ಬಂದು ನೆಲೆಸಿದೆ; ಈಗ ನಾನಕರಾಮ್‌ಗುಡದಲ್ಲಿದೆ. ವಿಮಾ ಓಂಬುಡ್ಸ್‌ಮನ್ ಕಚೇರಿ ಇನ್ನೂ ಹತ್ತಿರ, ಲಕಡಿ ಕಾ ಪೂಲ್‌ನಲ್ಲಿ. ಮೊದಲು ಕಂಪನಿಗೇ ಬರೆದು, ಒಂದು ತಿಂಗಳು ಕಾದು, ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಅಲ್ಲಿಗೆ ಹೋಗಬಹುದು. ಒಂದು ಪೈಸೆ ಶುಲ್ಕವಿಲ್ಲ. ಕಲಮಪ್ಪನವರು ಎಲ್ಲವನ್ನೂ ವಿವರಿಸಿ, "ಆದ್ರ ಏನಂತ ಬರೀತೀರಿ? ಅವರು ಬರೆದದ್ದು ಸರಿ ಅದ. ನೀವು ಓದಿಲ್ಲ, ಅಷ್ಟ" ಎಂದು ಚಹಾ ಹೀರಿದರು. ಲಕಡಿ ಕಾ ಪೂಲ್ ಎಂದರೆ ಕಟ್ಟಿಗೆಯ ಸೇತುವೆ; ಅಲ್ಲಿ ಕಟ್ಟಿಗೆ ಎಲ್ಲಿದೆ ಎಂದು ಯಾರೂ ದೂರು ಕೊಟ್ಟಿಲ್ಲವಲ್ಲ.

ನನ್ನ ಮುಖ ನೋಡಿ ಅವರಿಗೆ ಕನಿಕರ ಹುಟ್ಟಿರಬೇಕು. ಉಸ್ಮಾನಿಯಾ ಬಿಸ್ಕತ್ತು ಮುಂದೆ ಸರಿಸಿ, "ವಿಮಾನದವರನ್ನ ಕೇಳಿದಿರೇನು?" ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಮಾಂಟ್ರಿಯಲ್ ಒಪ್ಪಂದವೆಂದು 1999ರದೊಂದು ಇದೆ. ಭಾರತ 2009ರಲ್ಲಿ ಸೇರಿಕೊಂಡಿದೆ. ಅದರ ಪ್ರಕಾರ ಸಾಮಾನು ತಡವಾಗಿ ಆದ ನಷ್ಟಕ್ಕೆ ವಿಮಾನ ಕಂಪನಿಯೇ ಹೊಣೆ. ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ಒಟ್ಟು ಒಂದೂವರೆ ಲಕ್ಷ ರೂಪಾಯಿಗೂ ಮಿಗಿಲು. ಅಷ್ಟನ್ನೂ ಕೊಡುತ್ತಾರೆಂದಲ್ಲ, ಆದ ಖರ್ಚನ್ನು ತೋರಿಸಿದರೆ ಅದನ್ನು ಕೇಳಬಹುದು. ಪೆಟ್ಟಿಗೆ ಕೈಗೆ ಬಂದ 21 ದಿನದೊಳಗೆ ಲಿಖಿತವಾಗಿ ಕೇಳಬೇಕು. ನನಗೆ ಎದೆ ಧಸಕ್ಕೆಂದಿತು. ಮನೆಗೆ ಬಂದು ಕೇಳಿದರೆ, ಅಳಿಯಂದಿರು ಆ ವಾರವೇ ಅತ್ತೆಯವರ ಹೆಸರಿನಲ್ಲಿ ಸದ್ದಿಲ್ಲದೆ ಅರ್ಜಿ ಹಾಕಿದ್ದರು. ಜರ್ಮನಿಯಲ್ಲಿರುವವರು ಷರತ್ತು ಓದುತ್ತಾರೆ.

ತಿಂಗಳೊಪ್ಪತ್ತಿನಲ್ಲಿ 112 ಯೂರೊ ಬಂತು. ಚೀಟಿ ಯಾರ ಹೆಸರಿನಲ್ಲಿತ್ತೋ ಅವರ ಖಾತೆಗೆ. ಚಡ್ಡಿ ನನ್ನದು, ಚೀಟಿ ಅವಳದು, ದುಡ್ಡೂ ಅವಳದೇ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಲಮಪ್ಪನವರು ಒಂದು ಸಂಜೆ ಮನೆಗೆ ಬಂದು, ಹೆಂಡತಿಯ ಎದುರಿನಲ್ಲೇ, "ಆ ಒಂದು ಕೋಟಿಗೆ ನಾಮಿನಿ ಯಾರು?" ಎಂದು ಕೇಳಿಬಿಟ್ಟರು. ನಾನು ತಡವರಿಸಿದೆ. ಕಾರ್ಡ್ ಬಂದು ಎಷ್ಟೋ ವರ್ಷವಾಗಿತ್ತು. ನಾಮಿನಿಯ ಅಂಕಣ ಖಾಲಿ ಇತ್ತು. ಹಾಗಾದರೆ ಸತ್ತ ಮೇಲೆ ಉಳಿದವರು ವಾರಸುದಾರಿಕೆಯ ಪತ್ರಕ್ಕೆ ಅಲೆಯಬೇಕಾಗುತ್ತದೆ ಎಂದರು. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಯಾವ ಪಾಲಿಸಿಯೂ ರಕ್ಷಣೆ ಕೊಡುವುದಿಲ್ಲ. ಬದುಕಿದ್ದಾಗ ಕೈಗಡಿಯಾರದ ಬೆಲೆ, ಸತ್ತ ಮೇಲೆ ಕೋರ್ಟಿನ ಅಲೆದಾಟ! ಆ ರಾತ್ರಿಯೇ ಅವಳ ಹೆಸರು ತುಂಬಿದೆ. ಅಂದಿನಿಂದ ನಾನು ವಿಮಾನ ಹತ್ತುವಾಗ ಅವಳು "ಹುಷಾರು" ಎನ್ನುವ ಮೊದಲು "ಟಿಕೆಟ್ ಆ ಕಾರ್ಡಿನಾಗ ತಗೊಂಡೀರಿಲ್ಲೋ?" ಎಂದು ವಿಚಾರಿಸುತ್ತಾಳೆ. ಪ್ರೀತಿಯಿಂದಲೇ ಕೇಳುತ್ತಾಳೆ. ನನಗೇ ಯಾಕೋ ಹೊಟ್ಟೆಯೊಳಗೆ ಕಸಿವಿಸಿಯಾಗುತ್ತದೆ.

ಈಗ ಕಲಬುರಗಿಗೆ ರೈಲಿನಲ್ಲಿ ಹೋಗುವಾಗಲೂ ಬಿಡುವುದಿಲ್ಲ. ಐಆರ್‌ಸಿಟಿಸಿಯಲ್ಲಿ 45 ಪೈಸೆಗೆ ಹತ್ತು ಲಕ್ಷದ ವಿಮೆ. 2016ರಲ್ಲಿ ಶುರುವಾದಾಗ 92 ಪೈಸೆ ಇತ್ತು. ಎಲ್ಲದರ ಬೆಲೆ ಏರುವ ಕಾಲದಲ್ಲಿ ಅರ್ಧಕ್ಕಿಳಿದದ್ದು ಅದೊಂದೇ ಇರಬೇಕು. ಅಲ್ಲಿಯೂ ಟಿಕೆಟ್ ಬಂದ ಮೇಲೆ ಕಳಿಸುವ ಕೊಂಡಿ ಒತ್ತಿ ನಾಮಿನಿಯ ಹೆಸರು ತುಂಬಬೇಕು. ಅವಳೇ ಪಕ್ಕದಲ್ಲಿ ಕೂತು ತುಂಬಿಸುತ್ತಾಳೆ.

ಇಷ್ಟೆಲ್ಲ ಆದ ಮೇಲೆ ಅವಳು ತನ್ನದೇ ಒಂದು ವಿಮೆ ಜಾರಿಗೆ ತಂದಳು. ಅವಳ ಅಜ್ಜಿ ಹುಮನಾಬಾದಿನಿಂದ ಪಂಢರಪುರಕ್ಕೆ ಹೊರಟರೆ ದುಡ್ಡನ್ನು ಒಂದೇ ಕಡೆ ಇಡುತ್ತಿರಲಿಲ್ಲವಂತೆ. ಸ್ವಲ್ಪ ಸೆರಗಿನ ಗಂಟಿನಲ್ಲಿ, ಸ್ವಲ್ಪ ಸೊಂಟದ ಸಂಚಿಯಲ್ಲಿ, ಸ್ವಲ್ಪ ಬುತ್ತಿಯ ರೊಟ್ಟಿಗಳ ನಡುವೆ. ಯಾವುದು ಹೋದರೂ ಇನ್ನೊಂದು ಉಳಿಯುತ್ತದೆ. ಹಾಗೆಯೇ ಇನ್ನು ಮೇಲೆ ಪ್ರತಿ ಪೆಟ್ಟಿಗೆಯಲ್ಲೂ ಅರ್ಧ ನಿಮ್ಮದು, ಅರ್ಧ ನನ್ನದು ಎಂದು ಕಾಯಿದೆ ಮಾಡಿದಳು. ಕಲಮಪ್ಪನವರು ಕೇಳಿ, ನಾನು ಮೂವತ್ತೈದು ವರ್ಷ ಕಲಿತದ್ದನ್ನು ಆ ಅಜ್ಜಿ ಗಂಟು ಕಟ್ಟಿಕೊಂಡು ತಿರುಗುತ್ತಿದ್ದಳು ಎಂದು ಕೈ ಮುಗಿದರು.

ಹೋದ ತಿಂಗಳು ಒಂದು ಮದುವೆಗೆ ನಾನೊಬ್ಬನೇ ದಿಲ್ಲಿಗೆ ಹೋದೆ. ಪೆಟ್ಟಿಗೆ ಕಟ್ಟಿಕೊಟ್ಟವಳು ಅವಳೇ. ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಪೆಟ್ಟಿಗೆ ಎಲ್ಲರಿಗಿಂತ ಮೊದಲು ಬಂತು, ಚೀಟಿಯ ಮೇಲೆ ನನ್ನದೇ ಹೆಸರು. ಹೋಟೆಲಿನ ಕೋಣೆಯಲ್ಲಿ ತೆರೆದೆ. ನನ್ನ ಎರಡು ಅಂಗಿ, ಅವಳ ಎರಡು ಇಳಕಲ್ ಸೀರೆ.

ಫೋನ್ ಮಾಡಿದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಧೈರ್ಯದ ದನಿ:

"ಚಿಂತಿ ಮಾಡಬ್ಯಾಡ್ರಿ. ಉಳಿದ ಎರಡು ಅಂಗಿ ಇಲ್ಲಿ ಮನ್ಯಾಗ ಭದ್ರ ಅವ."