ಸ್ಥೌಲ್ಯಮೀಮಾಂಸೆ: ಸವಳಂಗ ರಸ್ತೆ ಪ್ರಕರಣ

ಅನುಬಂಧ ಚತುಷ್ಟಯ

ಶಾಸ್ತ್ರವೆಂದು ಹೇಳಿಕೊಳ್ಳುವ ಗ್ರಂಥವು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಒಪ್ಪಿಸಬೇಕೆಂಬುದು ಹಿರಿಯರ ಕಟ್ಟಳೆ. ಈ ಪ್ರಬಂಧದ ವಿಷಯ ಹೊಟ್ಟೆ. ಪ್ರಯೋಜನ ಅದರ ಕ್ಷಯ. ಹೊಟ್ಟೆಗೂ ಸವಳಂಗ ರಸ್ತೆಗೂ ದಿನಾ ಬೆಳಗ್ಗೆ ಏರ್ಪಡುವುದೇ ಸಂಬಂಧ. ಅಧಿಕಾರಿ ಯಾರೆಂದರೆ, ನಿಂತು ತಲೆ ಬಗ್ಗಿಸಿದರೆ ತನ್ನ ಪಾದ ತನಗೆ ಕಾಣದವನು; ಕಂಡರೂ ಶೂ ಲೇಸು ಕಟ್ಟುವಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕಾದವನು. ಹುಟ್ಟಾ ತೆಳ್ಳಗಿರುವವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವರು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲವೆಂದು ನಮ್ಮೆದುರೇ ಹೇಳಿದ ಪಾಪವನ್ನು ಮೊದಲು ಕಳೆದುಕೊಳ್ಳಲಿ.

ಕ್ಷೇತ್ರಲಕ್ಷಣ

ಶಿವಮೊಗ್ಗ ಪೇಟೆಯಿಂದ ಹೊರಟು ನವುಲೆ, ಅಬ್ಬಲಗೆರೆ ದಾಟಿ, ನ್ಯಾಮತಿ ತಾಲ್ಲೂಕಿನ ಸವಳಂಗ ಮುಟ್ಟಿ, ಅಲ್ಲಿಂದ ಶಿಕಾರಿಪುರದ ಕಡೆಗೆ ಸಾಗುವುದೇ ಸವಳಂಗ ರಸ್ತೆ. ಹಗಲಿನಲ್ಲಿ ಅದು ಬಸ್ಸು, ಲಾರಿ, ಸ್ಕೂಟರುಗಳ ಸೊತ್ತು; ನಸುಕಿನಲ್ಲಿ ಸ್ಥೂಲರ ಸೊತ್ತು. ಈ ಕ್ಷೇತ್ರದ ಮಹಿಮೆ ದೊಡ್ಡದು. 1980ರಲ್ಲಿ ಆರಂಭವಾದ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು ಇಲ್ಲಿದೆ, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ನವುಲೆ ಆವರಣವಿದೆ, ಕ್ರಿಕೆಟ್ ಕ್ರೀಡಾಂಗಣವಿದೆ, ಆಸ್ಪತ್ರೆಗಳಿವೆ. ಓದಲು, ಬೆಳೆಯಲು, ಓಡಲು, ಓಡಿ ಬಿದ್ದರೆ ಮಲಗಲು ಬೇಕಾದ ಏರ್ಪಾಡೆಲ್ಲ ಒಂದೇ ರಸ್ತೆಯಲ್ಲಿ ದೊರೆಯುವುದು ಅಪರೂಪ. ಹಿಂದೆ ರೈಲ್ವೆ ಗೇಟು ಬಿದ್ದಾಗ ನಡೆಯುವವರು ನಿಂತು ಸುಧಾರಿಸಿಕೊಳ್ಳುತ್ತಿದ್ದರು. ತಪ್ಪು ತಾಳಗುಪ್ಪದ ರೈಲಿನದಾಗುತ್ತಿತ್ತು. ಈಗ ಆ ಜಾಗಕ್ಕೆ ಮೇಲ್ಸೇತುವೆ ಬಂದು ನೆಪ ಹೋಯಿತು, ಏರು ಉಳಿಯಿತು.

ಇದು ಒಂದು ರಸ್ತೆಯ ಸಮಸ್ಯೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಮಿತಿ ಮೀರಿದ ತೂಕದವರು. ಸ್ತ್ರೀ ಪುರುಷ ಸಮಾನತೆಯನ್ನು ರಾಜ್ಯವು ಈ ಒಂದು ಬಾಬಿನಲ್ಲಾದರೂ ಸಾಧಿಸಿದೆ.

ಪ್ರಮಾಣವಿಚಾರ

ತೂಕ ಹೆಚ್ಚಿದೆಯೆಂದು ತಿಳಿಯುವುದು ಹೇಗೆ? ಪ್ರಮಾಣಗಳು ಮೂರು.

ಮೊದಲನೆಯದು ಪ್ರತ್ಯಕ್ಷ, ಅಂದರೆ ತೂಕದ ಯಂತ್ರ. ಅದರ ಮೇಲೆ ಹತ್ತುವ ಮೊದಲು ಚಪ್ಪಲಿ, ವಾಚು, ಮೊಬೈಲು, ಬೆಲ್ಟುಗಳನ್ನು ಕ್ರಮವಾಗಿ ತ್ಯಜಿಸಬೇಕು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟರೆ ಒಳ್ಳೆಯದೆಂಬುದು ಒಂದು ಪಂಥದ ಮತ. ಇಟಲಿಯ ಪಡುವಾದ ವೈದ್ಯ ಸಾಂಟೋರಿಯೊ ಈ ಪಂಥದ ಮೂಲಪುರುಷ. ಆತ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಉಂಡು, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿ 1614ರಲ್ಲಿ ಪುಸ್ತಕ ಬರೆದ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗಲಿಲ್ಲ. ಉಳಿದದ್ದು ಕಣ್ಣಿಗೆ ಕಾಣದೆ ಆವಿಯಾಗಿ ಹೋಗುತ್ತದೆಂದು ಸಾರಿದ. ಅವನ ಈ ಮಾತು ಮುಂದೆ ಉಪಯೋಗಕ್ಕೆ ಬರಲಿದೆ.

ಎರಡನೆಯದು ಅನುಮಾನ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿ.ಎಂ.ಐ. ಬರುತ್ತದೆ. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. 170 ಸೆಂ.ಮೀ. ಎತ್ತರದವನು 72 ಕಿಲೋ ದಾಟುತ್ತಲೇ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುತ್ತಾನೆ. ಈ ಸೂತ್ರವನ್ನು 1830ರ ದಶಕದಲ್ಲಿ ಕಂಡುಹಿಡಿದ ಕ್ವೆಟಲೆ ವೈದ್ಯನಲ್ಲ, ಬೆಲ್ಜಿಯಂನ ಖಗೋಳಜ್ಞ. ಗ್ರಹಗತಿ ನೋಡುವವರೇ ದೇಹಸ್ಥಿತಿಯನ್ನೂ ಹೇಳುವ ನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಸೊಂಟದ ಸುತ್ತಳತೆ ಗಂಡಸಿಗೆ 90, ಹೆಂಗಸಿಗೆ 80 ಸೆಂ.ಮೀ. ದಾಟಬಾರದೆಂಬ ಉಪಸೂತ್ರವೂ ಉಂಟು. ಅದನ್ನು ಅಳೆಯುವ ಅಧಿಕಾರ ದರ್ಜಿಗೆ ಇಲ್ಲ, ಏಕೆಂದರೆ ಟೇಪಿನ ಒಳಗೆ ಎರಡು ಬೆರಳು ತೂರಿಸದೆ ಅವನು ಅಳೆಯುವುದಿಲ್ಲ.

ಮೂರನೆಯದು ಆಪ್ತವಾಕ್ಯ, ಅಂದರೆ ನೆಂಟರ ಮಾತು. ಇದು ಮೊದಲೆರಡನ್ನೂ ಬಾಧಿಸುವಷ್ಟು ಬಲಶಾಲಿ. "ಏನೋ ಮಾರಾಯ, ಒಳ್ಳೇ ಮೈಕೈ ತುಂಬ್ಕೊಂಡಿದೀಯ!" ಎನ್ನುವ ದೊಡ್ಡಮ್ಮನೇ, ನಾವು ಕಷ್ಟಪಟ್ಟು ಹತ್ತು ಕಿಲೋ ಇಳಿಸಿದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿ, "ಯಾಕೋ ಇಷ್ಟು ಸೊರಗಿದೀಯ? ಶುಗರ್ ಗಿಗರ್ ಏನಾದ್ರೂ ಬಂತಾ?" ಎಂದು ಕೇಳುತ್ತಾಳೆ. ಈ ಎರಡು ವಾಕ್ಯಗಳ ನಡುವೆ ಸರಿಯಾದ ತೂಕವೊಂದು ಇದೆಯೆಂದು ಯಾವ ನೆಂಟರೂ ಇದುವರೆಗೆ ಒಪ್ಪಿಲ್ಲ.

ಪೂರ್ವಪಕ್ಷ ಒಂದು: ನಡಿಗೆವಾದ

ನಡೆದರೆ ಸಾಕು, ತೂಕ ತಾನಾಗಿ ಇಳಿಯುತ್ತದೆಂಬುದು ಈ ರಸ್ತೆಯ ಬಹುಸಂಖ್ಯಾತರ ವಾದ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಇವರ ಮಹಾಮಂತ್ರ. ಮಂತ್ರದ್ರಷ್ಟಾರ ಯಾವ ಋಷಿಯೂ ಅಲ್ಲ, ವೈದ್ಯನೂ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲೇ ಹತ್ತು ಸಾವಿರವಿತ್ತು. ಯಂತ್ರ ಹಳೆಯದಾಯಿತು, ಸಂಖ್ಯೆ ಆಚಾರವಾಯಿತು.

ಈ ವಾದಿಗಳಲ್ಲಿ ಒಳಭೇದಗಳಿವೆ. ಮೌನಿಗಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಎದುರಿಗೆ ಬಂದವರನ್ನು ಗುರುತಿಸದೆ ಹೋಗುತ್ತಾರೆ. ಗಣಕರು ಮನೆಗೆ ಬಂದು ಸೋಫಾದಲ್ಲಿ ಕೂತು, ಕಡಿಮೆ ಬಿದ್ದ ಹೆಜ್ಜೆಗಳನ್ನು ಮೊಬೈಲು ಅಲ್ಲಾಡಿಸಿ ತುಂಬಿಸುತ್ತಾರೆ. ಬಹುದೊಡ್ಡ ವರ್ಗ ವಾಗ್ಮಿಗಳದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ಶ್ರಮದ ಹದ ಎಂದು ವೈದ್ಯರು ಹೇಳುವುದುಂಟು. ಅದರ ಮೊದಲರ್ಧವನ್ನು ವಾಗ್ಮಿಗಳು ಮನಸಾರೆ ಸ್ವೀಕರಿಸಿದ್ದಾರೆ. ಅಡಿಕೆ ದರದವರೆಗೆ ಇವರ ಕಾಲು ಆಡುತ್ತಿರುತ್ತದೆ. ಮಾತು ಶಿಕಾರಿಪುರದ ರಾಜಕೀಯಕ್ಕೆ ಹೊರಳಿತೋ, ಗುಂಪು ರಸ್ತೆ ಬದಿಯಲ್ಲಿ ನಿಂತುಬಿಡುತ್ತದೆ, ಕೈ ಮಾತ್ರ ಆಡುತ್ತದೆ.

ಈಗ ಗಣಿತ. 70 ಕಿಲೋ ತೂಗುವವನು ಒಂದು ಗಂಟೆ ಒಳ್ಳೆಯ ವೇಗದಲ್ಲಿ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700. ಅಂದರೆ ಒಂದು ದಿನವೂ ತಪ್ಪಿಸದೆ ತಿಂಗಳು ಪೂರ್ತಿ ನಡೆದರೆ ಒಂದು ಕಿಲೋ. ಇದಿಷ್ಟು ಶುದ್ಧ ನಡಿಗೆಯ ಲೆಕ್ಕ. ಆದರೆ ಸವಳಂಗ ರಸ್ತೆಯಲ್ಲಿ ಶುದ್ಧ ನಡಿಗೆ ದುರ್ಲಭ. ನಡಿಗೆಯ ಕೊನೆಗೆ ದರ್ಶಿನಿ ಇರುತ್ತದೆ. ಅಲ್ಲಿಯ ಮಸಾಲೆ ದೋಸೆ, ಬೆಣ್ಣೆ ಹಾಕುವವನ ಕೈಗುಣಕ್ಕೆ ತಕ್ಕಂತೆ, 350ರಿಂದ 400 ಕ್ಯಾಲೊರಿಯ ಆಸುಪಾಸು. ಸಕ್ಕರೆ ಹಾಕಿದ ಕಾಫಿಗೆ ಇನ್ನೊಂದಿಷ್ಟು. ನಡೆದು ಬಂದವನು ತಿಂದದ್ದು ಲೆಕ್ಕಕ್ಕಿಲ್ಲವೆಂಬ ಪರಂಪರೆಯಿರುವುದರಿಂದ ಮನೆಯ ತಿಂಡಿಗೆ ಇದರಿಂದ ಬಾಧೆಯಿಲ್ಲ. ಹೀಗೆ ದಿನಕ್ಕೆ 200 ಕ್ಯಾಲೊರಿ ಉಳಿತಾಯವಾದರೆ, ಕಾಗದದ ಲೆಕ್ಕದಲ್ಲಿ 40 ದಿನ ತುಂಬುವ ಮೊದಲೇ ಒಂದು ಕಿಲೋ ಏರುತ್ತದೆ. ಆದ್ದರಿಂದ ನಡಿಗೆಯೇ ಬೊಜ್ಜಿಗೆ ಕಾರಣವೆಂಬ ಪ್ರಮೇಯ ಸಿದ್ಧಿಸುತ್ತದೆ.

ಇದು ಕುಚೋದ್ಯವಲ್ಲವೆನ್ನಲು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಸಾಕ್ಷಿ. ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಆತನ ಕಸುಬು. ತನ್ನನ್ನು ಹೊರುವವರ ಕಷ್ಟ ಬಲ್ಲವನಾದ್ದರಿಂದಲೋ ಏನೋ, ತೂಕ ಇಳಿಸಲು ಪಣ ತೊಟ್ಟ. ವೈದ್ಯರು ಹೇಳಿದರೆಂದು ದಿನಾ ಬೆಳಗ್ಗೆ ದೋಣಿಗೆ ಹುಟ್ಟು ಹಾಕಿದ. ತೋಳು ಗಟ್ಟಿಯಾಯಿತು, ಹಸಿವು ಹೆಚ್ಚಿತು, ತೂಕ ಏರಿತು. ಕೊನೆಗೆ ಬೇರೊಬ್ಬ ವೈದ್ಯರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟ ಮೇಲೆ ಸುಮಾರು 20 ಕಿಲೋ ಇಳಿದು, 1863ರಲ್ಲಿ ತನ್ನ ಕಥೆಯನ್ನು ತಾನೇ ಅಚ್ಚು ಹಾಕಿಸಿ ಹಂಚಿದ. ತೂಕ ಇಳಿಸಿದವನು ಅದನ್ನು ಕಂಡಕಂಡವರಿಗೆಲ್ಲ ಹೇಳದೆ ಇರಲಾರನೆಂಬ ನಿಯಮ ಅಂದೇ ಜಾರಿಗೆ ಬಂತು.

ಪೂರ್ವಪಕ್ಷ ಎರಡು: ಪಥ್ಯವಾದ

ಪಥ್ಯವಾದಿಗಳಲ್ಲಿ ಅನ್ನ ಬಿಟ್ಟವರು, ರಾತ್ರಿಯೂಟ ಬಿಟ್ಟವರು, ಸಿರಿಧಾನ್ಯ ಹಿಡಿದವರು, ಹದಿನಾರು ಗಂಟೆ ಉಪವಾಸವಿದ್ದು ಎಂಟು ಗಂಟೆಯಲ್ಲಿ ಸೇಡು ತೀರಿಸಿಕೊಳ್ಳುವವರು ಎಂದು ಪಂಗಡಗಳಿವೆ. ಚರಕಸಂಹಿತೆಯನ್ನು ಇವರೆಲ್ಲರೂ ತಮ್ಮ ಕಡೆಗೆ ಎಳೆಯುತ್ತಾರೆ. ನಿಂದ್ಯರಾದ ಎಂಟು ಬಗೆಯ ದೇಹದವರಲ್ಲಿ ಅತಿಸ್ಥೂಲನನ್ನೂ ಎಣಿಸಿದ ಚರಕ, ಹೊಟ್ಟೆಗೆ ಭಾರವೆನಿಸಿಯೂ ಮೈಗೆ ಹತ್ತದ ಆಹಾರ ಕೊಡಬೇಕೆಂದು ವಿಧಿಸಿದ. ಮಲೆನಾಡಿನ ತಂಬುಳಿ, ಅಪ್ಪೆಹುಳಿಗಳು ಮೈಗೆ ಹತ್ತುವಂಥವಲ್ಲ. ಆದರೆ ಅವು ಒಂಟಿಯಾಗಿ ಎಲೆಗೆ ಬರುವುದಿಲ್ಲ. ಅವುಗಳ ನೆಪದಲ್ಲಿ ಬರುವ ಅನ್ನಕ್ಕೆ ಲೆಕ್ಕವಿಲ್ಲ.

ಪಥ್ಯದ ಪರಮಶತ್ರು ನಾಲಗೆಯಲ್ಲ, ಉಪಚಾರ. ಗೃಹಪ್ರವೇಶದ ಪಂಕ್ತಿಯಲ್ಲಿ ಕೂತವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಇಳಿಸಬಲ್ಲ ನಿಪುಣರು ನಮ್ಮಲ್ಲಿದ್ದಾರೆ. "ಡಯಟ್ಟು ನಾಳೆಯಿಂದ ಮಾಡಿ ಭಾವ, ಇವತ್ತು ನಮ್ಮನೆಗೆ ಬಂದಿದೀರಿ" ಎಂಬ ಮಾತಿಗೆ ಯಾವ ಶಾಸ್ತ್ರದಲ್ಲಿಯೂ ಉತ್ತರವಿಲ್ಲ. ಅದರ ಹಿಂದೆಯೇ ತುಪ್ಪದ ಮಿಳ್ಳೆ ಬರುತ್ತದೆ. ಗ್ರಾಮಿಗೆ ಅನ್ನದ ಹಿಟ್ಟಿನಂಶ ನಾಲ್ಕು ಕ್ಯಾಲೊರಿ ಕೊಟ್ಟರೆ ತುಪ್ಪದ ಕೊಬ್ಬು ಒಂಬತ್ತು ಕೊಡುತ್ತದೆಂಬುದು ಬಡಿಸುವವರಿಗೆ ಹೇಗೋ ಮೊದಲೇ ಗೊತ್ತಿರುತ್ತದೆ.

ಪೂರ್ವಪಕ್ಷ ಮೂರು: ಚಿಂತಾವಾದ

ಸ್ಥೂಲನಿಗೆ ಜಾಗರಣೆ, ವ್ಯಾಯಾಮಗಳ ಜೊತೆಗೆ ಚಿಂತೆಯನ್ನೂ ಚರಕ ಔಷಧವಾಗಿ ಹೇಳಿದ್ದಾನೆ. ಅನುಭವ ಇದನ್ನು ಎತ್ತಿಹಿಡಿಯುವುದಿಲ್ಲ. ಕೊಳೆರೋಗ, ಎಲೆಚುಕ್ಕಿ ರೋಗ, ಮಂಡಿಯ ದರ ಈ ಮೂರೂ ಒಟ್ಟಿಗೆ ಬಂದ ವರ್ಷಗಳಲ್ಲಿಯೂ ಜಿಲ್ಲೆಯ ಅಡಿಕೆ ಬೆಳೆಗಾರರ ಹೊಟ್ಟೆಗಳು ಇದ್ದಲ್ಲಿಯೇ ಇದ್ದವು. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆಂದು ಇಂದಿನ ವೈದ್ಯರು ಹೇಳುತ್ತಾರಾದ್ದರಿಂದ ಜಾಗರಣೆಯನ್ನೂ ಶಿವರಾತ್ರಿಗೆ ಮೀಸಲಿಡುವುದು ಲೇಸು.

ದೃಷ್ಟಾಂತ: ಭದ್ರಾವತಿ

ನಡಿಗೆಗೆಂದೇ ನಡೆಯುವ ಆಚಾರ ಹೊಸದೆಂಬುದಕ್ಕೆ ಪಕ್ಕದ ಭದ್ರಾವತಿಯೇ ದೃಷ್ಟಾಂತ. ಅಲ್ಲಿ 1923ರಿಂದ ಕಬ್ಬಿಣ ಕರಗುತ್ತಿತ್ತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಮುಂದೆ ಜೊತೆಗೂಡಿತು. ಪಾಳಿಗೆ ಸೈಕಲ್ ತುಳಿದು ಹೋಗಿ, ಕುಲುಮೆಯ ಬಿಸಿಯಲ್ಲಿ ಬೆಂದು, ಮತ್ತೆ ಸೈಕಲ್ ತುಳಿದು ಮನೆಗೆ ಬಂದವನಿಗೆ ಬಿ.ಎಂ.ಐ. ಬೇಕಿರಲಿಲ್ಲ. ಅವನು ಬೆವರಿದ್ದಕ್ಕೆ ತಿಂಗಳ ಕೊನೆಗೆ ಸಂಬಳ ಸಿಗುತ್ತಿತ್ತು. ಕಾಗದ ಕಾರ್ಖಾನೆ ನಿಂತುಹೋಗಿದೆ, ಕಬ್ಬಿಣದ ಕಾರ್ಖಾನೆಯ ಹಳೆಯ ಅಬ್ಬರ ಹೋಗಿದೆ. ಮಕ್ಕಳು ಕಂಪ್ಯೂಟರ್ ಮುಂದೆ ಕೂತು ದುಡಿದು, ಸಂಜೆ ಜಿಮ್ಮಿಗೆ ಶುಲ್ಕ ಕಟ್ಟಿ, ಚಕ್ರ ಉರುಳಿದರೂ ಇದ್ದಲ್ಲೇ ಇರುವ ಸೈಕಲ್ ತುಳಿಯುತ್ತಾರೆ. ಬೆವರಿನ ಬಾಬತ್ತು ಜಮಾ ಕಡೆಯಿಂದ ಖರ್ಚಿನ ಕಡೆಗೆ ದಾಟಿದ್ದೇ ಈ ಶತಮಾನದ ಆರ್ಥಿಕ ಇತಿಹಾಸ. ಆ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ ವಿಶ್ವೇಶ್ವರಯ್ಯನವರು ಮಿತವಾಗಿ ಉಂಡು, ನಿಯಮವಾಗಿ ನಡೆದು, ನೂರು ದಾಟಿ ಬದುಕಿದರೆಂಬುದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಭಾಷಣ ಮುಗಿದ ಮೇಲೆ ಊಟವಿರುತ್ತದೆ.

ಉತ್ತರಪಕ್ಷ

ಇಳಿದ ತೂಕ ಹೋಗುವುದೆಲ್ಲಿಗೆ? ಬೆವರಾಗಿ ಎನ್ನುವವರುಂಟು, ಶಾಖವಾಗಿ ಎನ್ನುವವರುಂಟು. 2014ರಲ್ಲಿ ಆಸ್ಟ್ರೇಲಿಯಾದ ಮೀರ್ಮನ್ ಮತ್ತು ಬ್ರೌನ್ ಇದನ್ನು ಲೆಕ್ಕ ಹಾಕಿ ತೋರಿಸಿದರು: ಹತ್ತು ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, 1.6 ಕಿಲೋ ನೀರಾಗುತ್ತದೆ. ಸಾಂಟೋರಿಯೊ ಕುರ್ಚಿಯಲ್ಲಿ ಕೂತು ಊಹಿಸಿದ್ದು ಹೆಚ್ಚುಕಮ್ಮಿ ಇದನ್ನೇ. ಇದರಿಂದ ಹುಟ್ಟುವ ತತ್ತ್ವ ಗಂಭೀರವಾದದ್ದು. ಬೆಳಗ್ಗೆ ವಾಗ್ಮಿಗಳು ಬಿಟ್ಟ ಉಸಿರು ನವುಲೆಯ ಗಾಳಿಗೆ ಸೇರುತ್ತದೆ. ಬಿಸಿಲೇರಿದಂತೆ ಸುತ್ತಲಿನ ಗದ್ದೆಯ ಭತ್ತ ಅದನ್ನು ಹೀರಿ ಕಾಳು ಕಟ್ಟುತ್ತದೆ. ಭತ್ತ ಅಕ್ಕಿಯಾಗಿ, ಅಕ್ಕಿ ರೊಟ್ಟಿಯಾಗಿ, ಕಡುಬಾಗಿ ತಟ್ಟೆಗೆ ಬರುತ್ತದೆ. ತೂಕಕ್ಕೆ ನಾಶವಿಲ್ಲ, ಪುನರ್ಜನ್ಮ ಮಾತ್ರ ಇದೆ. ಹೆಚ್ಚೆಂದರೆ ಈ ಜನ್ಮದಲ್ಲಿ ಅದು ಬೇರೆಯವರ ಸೊಂಟಕ್ಕೆ ಹೋಗಲಿ ಎಂದು ಪ್ರಾರ್ಥಿಸಬಹುದು.

ಪುನರ್ಜನ್ಮ ಪರರಲ್ಲೇ ಆಗುತ್ತದೆಂಬ ಭರವಸೆಯೂ ಇಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಅವಸರವಸರವಾಗಿ ಅಪಾರ ತೂಕ ಇಳಿಸಿದ್ದವರನ್ನು ಆರು ವರ್ಷದ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಬಹುಮಂದಿಯ ತೂಕದಲ್ಲಿ ದೊಡ್ಡ ಪಾಲು ವಾಪಸು ಬಂದಿತ್ತು. ವಿಶ್ರಾಂತಿಯಲ್ಲಿ ದೇಹ ಸುಡುವ ಕ್ಯಾಲೊರಿ, ಅವರ ಮೈಕಟ್ಟಿಗೆ ನಿರೀಕ್ಷಿಸಿದ್ದಕ್ಕಿಂತ ದಿನಕ್ಕೆ ಸುಮಾರು 500ರಷ್ಟು ಕಡಿಮೆಯಾಗಿಯೇ ಉಳಿದಿತ್ತು. ದೇಹ ಬರಗಾಲ ಬಂತೆಂದು ತಿಳಿದು ಕಣಜದ ಬಾಗಿಲು ಹಾಕಿಕೊಂಡು ಕೂತಿತ್ತು. ಅದೇ ದೇಶದಲ್ಲಿ 13 ಕಿಲೋಗೂ ಹೆಚ್ಚು ಇಳಿಸಿ, ವರ್ಷಕ್ಕೂ ಮೀರಿ ಉಳಿಸಿಕೊಂಡವರ ದಾಖಲೆಯನ್ನು 1994ರಿಂದ ಇಡುತ್ತಿದ್ದಾರೆ. ಅವರಲ್ಲಿ ಬಹುಪಾಲು ಜನ ಊಟವನ್ನೂ ಬದಲಾಯಿಸಿದವರು, ದಿನಕ್ಕೆ ಗಂಟೆಯ ಹತ್ತಿರ ಮೈ ದಂಡಿಸುವವರು, ಆಗಾಗ ತೂಕ ನೋಡಿಕೊಳ್ಳುವವರು. ಅಲ್ಲಿಗೆ ನಡಿಗೆವಾದ, ಪಥ್ಯವಾದಗಳ ಜಗಳ ತೀರುತ್ತದೆ: ಇಳಿಸುವ ಕೆಲಸದಲ್ಲಿ ತಟ್ಟೆಯ ಪಾಲು ಹೆಚ್ಚು, ಇಳಿದದ್ದನ್ನು ಕಾಯುವ ಕೆಲಸ ಕಾಲಿನದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರು ಪೂರ್ವಪಕ್ಷಿಗಳಾಗಿಯೇ ಉಳಿಯುತ್ತಾರೆ.

ಸಿದ್ಧಾಂತ

ಎರಡನೆಯ ಸಲ ಅನ್ನ ಬಡಿಸಿಕೊಳ್ಳುವುದನ್ನು ಬಿಡಿ. ಚಮಚ ಸಕ್ಕರೆಗೆ 20 ಕ್ಯಾಲೊರಿಯಂತೆ, ಎರಡೆರಡು ಚಮಚದ ಐದು ಕಾಫಿ ನಡಿಗೆಯ ಬಹುಪಾಲನ್ನು ನುಂಗುತ್ತದೆ, ಚಮಚ ಇಳಿಸಿ. ಬೇಳೆ, ಕಾಳು, ಸೊಪ್ಪು ಮೊದಲು, ಅನ್ನ ಆಮೇಲೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯಿರಿ, ಎರಡು ದಿನ ಭಾರ ಎತ್ತಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಂತೋಷಪಡಿ, ಅವಸರ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ದೊಡ್ಡಮ್ಮನ ಎರಡನೆಯ ಪ್ರಶ್ನೆ ಬಂದ ದಿನ ಶಾಸ್ತ್ರ ಫಲಿಸಿತೆಂದು ತಿಳಿಯಿರಿ.

ಫಲಶ್ರುತಿ

ಈ ಪ್ರಕರಣವನ್ನು ಕೂತು ಓದಿದವರಿಗೆ, ಮಲಗಿ ಓದಿದವರಿಗೆ, ಚಟ್ಟಂಬಡೆ ತಿನ್ನುತ್ತ ಓದಿಸಿ ಕೇಳಿದವರಿಗೆ ಒಂದು ಗ್ರಾಮೂ ಇಳಿಯುವುದಿಲ್ಲ. ನಡಿಗೆ ಮುಗಿಸಿ, ದರ್ಶಿನಿಯ ಬಾಗಿಲು ದಾಟಿ, ನೇರ ಮನೆಗೆ ಹೋಗುವವರಿಗೆ ಇಳಿಯುತ್ತದೆ.