ದೆವ್ವದ ಬಂಗಲೆಯ ರೇಷನ್ ಕಾರ್ಡು

ನಮ್ಮ ಸೇಡಂ ಸೀಮೆಯ ಆದಿತ್ಯನಗರದಲ್ಲಿ ಹೆದರಿಕೊಳ್ಳಲು ಮೇ ತಿಂಗಳ ಮಧ್ಯಾಹ್ನ ಒಂದಿದ್ದರೆ ಸಾಕು, ದುಡ್ಡು ಕೊಟ್ಟು ದೆವ್ವದ ಆಟ ಆಡಬೇಕಿಲ್ಲ. ಆದರೂ ಕೆಲವರಿಗೆ ಖಯಾಲಿ ನೋಡ್ರಿ. ಊರ ಹುಡುಗರೆಲ್ಲ ಮೊಬೈಲಿನಲ್ಲಿ ಗುಂಡು ಹಾರಿಸುತ್ತಿರುವಾಗ ನನ್ನಂಥವರು ಅಟ್ಟದಿಂದ ಬೂದುಬಣ್ಣದ ಹಳೇ ಪ್ಲೇಸ್ಟೇಷನ್ ಇಳಿಸಿ, ಹಳದಿ, ಬಿಳಿ, ಕೆಂಪು ವಯರುಗಳಿಗೆ ಟಿವಿಯ ಬೆನ್ನು ತಡಕಾಡಿ, 1996ರ 'ರೆಸಿಡೆಂಟ್ ಈವಿಲ್' ಹಾಕಿಕೊಂಡು ಕೂರುತ್ತೇವೆ.

ಜಪಾನಿನ ಕ್ಯಾಪ್ಕಾಮ್ ಕಂಪನಿಯ ಶಿಂಜಿ ಮಿಕಾಮಿ ನಿರ್ದೇಶಿಸಿದ ಆಟ. ಸರ್ವೈವಲ್ ಹಾರರ್ ಎಂಬ ಹೆಸರು ಚಾಲ್ತಿಗೆ ಬಂದದ್ದೇ ಇದರಿಂದ. ಕಾಡಿನಲ್ಲೊಂದು ಬಂಗಲೆ, ಒಳಗೆ ಸತ್ತೂ ಸಾಯದ ಜನ. ಮೊದಲನೆಯವನು ಹೆಣದ ಮುಂದೆ ಊಟಕ್ಕೆ ಕೂತಿರುತ್ತಾನೆ. ನೀವು ಬಂದ ಸಪ್ಪಳಕ್ಕೆ, ಅವಸರವೇ ಇಲ್ಲದೆ, ಕತ್ತು ಹೊರಳಿಸಿ ನೋಡುತ್ತಾನೆ.

ಅದನ್ನು ನೋಡಿ ಅಣ್ಣನ ಮಗ ಬಿದ್ದುಬಿದ್ದು ನಕ್ಕ. "ಕಾಕಾ, ಇಂವಾ ನಿದ್ದಿಗಣ್ಣಾಗ ಎದ್ದು ಬಂದಾನೇನು?"

"ನೀನೇ ಆಡು ಮಗನೇ" ಎಂದು ಕಂಟ್ರೋಲರ್ ಕೈಗಿತ್ತೆ. ಈ ಆಟದಲ್ಲಿ ಮೇಲಿನ ಗುಂಡಿ ಒತ್ತಿದರೆ ಆಳು ಮೇಲಕ್ಕೆ ಹೋಗುವುದಿಲ್ಲ, ತಾನು ಮುಖ ಮಾಡಿದ ಕಡೆಗೆ ಹೋಗುತ್ತಾನೆ. ಕ್ಯಾಮೆರಾವೋ, ಒಂದೊಂದು ಮೂಲೆಗೂ ಒಂದೊಂದು ದಿಕ್ಕಿನಿಂದ ಇಣುಕುತ್ತದೆ. ನಮ್ಮ ಶೂರ ಗೋಡೆಗೆ ಹಣೆ ಹಚ್ಚಿ ನಿಂತಲ್ಲೇ ನಡೆಯತೊಡಗಿದ. ಹಿಂದಿನಿಂದ ನಿದ್ದೆಗಣ್ಣಿನವನು ಬಂದು ಹೆಗಲಿಗೆ ಬಾಯಿ ಹಾಕಿದ. ಗುಂಡು ಮುಗಿದವು. "ಉಳಿದ ಗುಂಡು ಎಲ್ಲಿ ಸಿಗ್ತಾವ?" ಎಂದು ಕೇಳುವಾಗ ನಗು ಇರಲಿಲ್ಲ.

ಗುಟ್ಟು ಇರುವುದೇ ಇಲ್ಲಿ. ಮಿಕಾಮಿ ಹೆದರಿಸಿದ್ದು ದೆವ್ವದಿಂದಲ್ಲ, ಜಿಪುಣತನದಿಂದ. ತಿಂಗಳ ಕೊನೆಯ ರೇಷನ್ ಅಂಗಡಿಯವನ ಹಾಗೆ ಎಲ್ಲವನ್ನೂ ಅಳೆದು ತೂಗಿ ಕೊಡುತ್ತಾನೆ. ಕ್ರಿಸ್ ಎಂಬವನ ಬಳಿ ಆರೇ ಸಾಮಾನು ಹಿಡಿಸುತ್ತವೆ, ಜಿಲ್ ಎಂಬಾಕೆಗೆ ಎಂಟು. ಪಿಸ್ತೂಲು, ಗುಂಡು, ಬೀಗದ ಕೈ, ಗಾಯಕ್ಕೆ ಹಸಿರು ಸೊಪ್ಪು. ಯಾವುದು ಒಯ್ಯಲಿ, ಯಾವುದು ಬಿಡಲಿ? ಆಟ ಸೇವ್ ಮಾಡಲಿಕ್ಕೂ ಟೈಪ್‌ರೈಟರ್ ಹುಡುಕಬೇಕು, ಅದಕ್ಕೆ ಹಾಕಲು ಕೈಯಲ್ಲಿ ರಿಬ್ಬನ್ ಇರಬೇಕು. ಅದೂ ಎಣಿಸಿ ಕೊಟ್ಟದ್ದೇ! ರಿಬ್ಬನ್ ಉಳಿಸುವ ಆಸೆಗೆ ಬಿದ್ದು ಗಂಟೆಗಟ್ಟಲೆ ಆಡಿ, ಅಷ್ಟರಲ್ಲಿ ಕರೆಂಟು ಕಣ್ಣು ಹೊಡೆದರೆ ಮುಗಿಯಿತು. ಆ ಭಯವನ್ನು ಯಾವ ಜಪಾನಿನವನೂ ಬರೆದಿಲ್ಲ, ಅದು ಅಪ್ಪಟ ನಮ್ಮ ಕಡೆಯ ಸೇರ್ಪಡೆ.

ಬಾಗಿಲುಗಳದು ಇನ್ನೊಂದು ಚಮತ್ಕಾರ. ಮುಂದಿನ ಕೋಣೆಯನ್ನು ಸಿಡಿಯಿಂದ ಓದಿಕೊಳ್ಳಲು ಯಂತ್ರಕ್ಕೆ ಹೊತ್ತು ಬೇಕು. ಅದು ಗೊತ್ತಾಗದಿರಲೆಂದು ಕಪ್ಪು ಪರದೆಯ ಮೇಲೆ ಬಾಗಿಲೊಂದು ಕಿರ್ರೆಂದು ತೆರೆಯುತ್ತದೆ. ಯಂತ್ರದ ಬಡತನವೇ ನಮ್ಮ ಎದೆಬಡಿತ! ರಾತ್ರಿ ನೀರು ಕುಡಿಯಲು ಎದ್ದಾಗ ಶಹಾಬಾದಿ ಫರಸಿಯ ಮೇಲೆ ನಮ್ಮ ಚಪ್ಪಲಿಯ ಸಪ್ಪಳಕ್ಕೆ ನಾವೇ ನಿಂತು ಕಿವಿಗೊಡುವ ಸ್ಥಿತಿ.

ಹುಡುಗ ಈಗ ಹೊಸ ವರಾತ ತೆಗೆದಿದ್ದಾನೆ: "ಮಳಖೇಡದ ಹಾಳು ಕೋಟಿ ಒಳಗ ಇಂಥಾದ್ದೊಂದು ಆಟ ಮಾಡಿದ್ರ ಹ್ಯಾಂಗ ಕಾಕಾ?" ಮಾಡಬಹುದು. ಕಾಗಿಣಾ ದಂಡೆ, ರಾಷ್ಟ್ರಕೂಟರ ಮಾನ್ಯಖೇಟ, ಕತ್ತಲಿಗೆ ಬಾವಲಿ, ಯಾವುದಕ್ಕೆ ಕಡಿಮೆ? ಆದರೆ ನೃಪತುಂಗನ ರಾಜಧಾನಿಯಲ್ಲಿ ಟೈಪ್‌ರೈಟರ್ ಎಲ್ಲಿಂದ ತರುವುದು? ಸೇವ್ ಮಾಡಬೇಕಾದಾಗಲೆಲ್ಲ ಶಾಸನ ಕೆತ್ತಿಸಬೇಕು. ತೊಡಕು ಅಲ್ಲೇ ಇದೆ: ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಕಲ್ಲಿಗೇನು ಬರ? ಸೇವ್ ಮಾಡಿದ್ದೇ ಮಾಡಿದ್ದು, ಹೆದರುವವನು ಒಬ್ಬನೂ ಸಿಗಲಾರ.